ನಾಲ್ಕನೇ ಗುಡ್ಡೆಯ ಕಾವಲು

ಸೂರ್ಯ ಇನ್ನೂ ಮೂಡಿಲ್ಲ. ಬೀದಿದೀಪಗಳು ಆರುವ ಹೊತ್ತು. ಎರಡಂತಸ್ತಿನ ಮನೆಯೊಂದರ ಮುಂದೆ ಗಿಡ್ಡ ಮೈಕಟ್ಟಿನ ಹೆಂಗಸೊಬ್ಬರು ಚಪ್ಪಲಿ ಬಿಡುತ್ತಾರೆ. ಕೈಯಲ್ಲಿ ಬೀಗದ ಕೈ ಇದೆ. ಆದರೂ ಮೊದಲು ಬಾಗಿಲನ್ನು ಮೆಲ್ಲಗೆ ತಟ್ಟಿ, ಒಂದು ಗಳಿಗೆ ನಿಂತು, ಆಮೇಲೆ ತೆರೆಯುತ್ತಾರೆ. ಮನೆಯವರೆಲ್ಲ ಮಹಡಿಯ ಮೇಲೆ ಗಾಢ ನಿದ್ದೆಯಲ್ಲಿದ್ದಾರೆ, ಯಾರೂ ಎದ್ದು ಬರುವುದಿಲ್ಲ ಎನ್ನುವುದು ಅವರಿಗೆ ಗೊತ್ತು.

“ಯಾರಿಗೆ ತಟ್ಟಿದ್ರಿ?” ಎಂದು ಕೇಳುತ್ತೇನೆ.

“ಮನೆಗೆ. ಅದರ ಹೊಟ್ಟೆ ಬಗೆಯೋಕೆ ಬಂದಿದೀನಿ. ಹೇಳದೆ ಕೇಳದೆ ಒಳಗೆ ನುಗ್ಗಿದ್ರೆ ಚೆನ್ನಾಗಿರುತ್ತಾ?”

ದೀಪ ಹಾಕುವುದಿಲ್ಲ. ನಡುಮನೆಯ ನೆಲದ ಮೇಲೆ ಕೂತು, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೂ ಸುಮ್ಮನಿರುತ್ತಾರೆ. ನಾನೂ ಕೂರುತ್ತೇನೆ. ಒಂದೊಂದೇ ಕಾಣಿಸತೊಡಗುತ್ತದೆ. ಪರದೆ ಕಳಚಿದ ಕಿಟಕಿಗಳು. ಪಟಗಳನ್ನು ಇಳಿಸಿದ ಗೋಡೆಯಲ್ಲಿ ಉಳಿದ ಬಿಳಿ ಚೌಕಗಳು. ಹಳೆಯ ಬೆಡ್‌ಶೀಟು ಹೊದಿಸಿದ ನಾಲ್ಕು ಗುಡ್ಡೆಗಳು. ಮೂರು ಗುಡ್ಡೆ ಒಂದು ಗೋಡೆಗೆ ಸಾಲಾಗಿವೆ, ನಾಲ್ಕನೆಯದು ಎದುರಿನ ಕಿಟಕಿಯ ಕೆಳಗೆ ಒಂಟಿಯಾಗಿದೆ. ಯಾರೋ ಮುಸುಕು ಹಾಕಿಕೊಂಡು ಕೂತ ಹಾಗಿದೆ. ನಾನೇನು ಧೈರ್ಯಸ್ಥನಲ್ಲ, ಸದ್ದಿಲ್ಲದೆ ಅವರ ಪಕ್ಕಕ್ಕೆ ಸರಿಯುತ್ತೇನೆ.

“ನೋಡಿದ್ರಾ,” ಎಂದು ಅವರು ಪಿಸುಗುಡುತ್ತಾರೆ. “ನಿನ್ನೆ ಸಂಜೆ ನಾನು ಶೀಟು ಹೊದಿಸಿ ಹೋದಾಗ ಅದು ಇಷ್ಟು ಎತ್ತರ ಇರಲಿಲ್ಲ.”

ಇವರನ್ನು ಕೆಲಸ ಕೊಡುವವರೆಲ್ಲ ಕರೆಯುವುದು ಗುಡ್ಡೆಯಕ್ಕ ಎಂದು. ಊರು ಬಿಟ್ಟು ಪರದೇಶಕ್ಕೆ ಹೊರಟವರ ಮನೆಯನ್ನು ಜಾಲಾಡಿ, ಸಾಮಾನು ಬೇರ್ಪಡಿಸಿ, ಕಡಿಮೆ ಮಾಡಿಕೊಡುವುದು ಇವರ ಕೆಲಸ. ಸಾಗಣೆ ಕಂಪನಿಯವರು ಬಂದು ರಟ್ಟಿನ ಪೆಟ್ಟಿಗೆ ಕಟ್ಟುತ್ತಾರೆ ನಿಜ. ಆದರೆ ತೋರಿಸಿದ್ದನ್ನು ಮಾತ್ರ ಕಟ್ಟುತ್ತಾರೆ. ಯಾವುದನ್ನು ತೋರಿಸಬೇಕು ಎಂದು ತೀರ್ಮಾನಿಸುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರೆ. ಅಲ್ಲಿಗೆ ಗುಡ್ಡೆಯಕ್ಕ ಹೋಗುತ್ತಾರೆ. ಅವರಿಗೆ ಪಟ್ಟಿ ಬರೆಯುವ ಹಂಗಿಲ್ಲ. ಅವರ ಹತ್ತಿರ ಇರುವುದು ಒಂದೇ ಪ್ರಶ್ನೆ. ಒಂದೊಂದು ವಸ್ತುವನ್ನೂ ಎತ್ತಿ ಹಿಡಿದು, ಮನೆಮಂದಿಯ ಮುಂದೆ ಕೇಳುತ್ತಾರೆ: “ಇದು ಯಾರದು?”

ನನ್ನದು ಎಂದವರು ಅದರ ಗತಿ ಹೇಳಬೇಕು. ಜೊತೆಗೆ ಬರುವುದಾದರೆ ಮೊದಲನೇ ಗುಡ್ಡೆ, ಯಾರಿಗಾದರೂ ಕೊಡುವುದಾದರೆ ಎರಡನೆಯದು, ಗುಜರಿಗಾದರೆ ಮೂರನೆಯದು. ಕೇಳಲು ಸುಲಭ. ಮೂರು ತಲೆಮಾರಿನ ಜಗಳಗಳು ಒಂದು ಹಿತ್ತಾಳೆ ಕೊಡದ ಸುತ್ತ ಎದ್ದು ನಿಂತದ್ದನ್ನು ಅವರು ಕಂಡಿದ್ದಾರೆ.

“ಮತ್ತೆ ನಾಲ್ಕನೆಯದು?”

“ಯಾರೂ ನಂದು ಅನ್ನದೇ ಇರೋದು.”

ಎಲ್ಲ ಮನೆಯಲ್ಲೂ ಅಂಥ ಗುಡ್ಡೆ ಒಂದಿರುತ್ತದಂತೆ. ಯಾವ ಬೀಗಕ್ಕೂ ಹೊಂದದ ಕೀಲಿಕೈ, ಒಂಟಿ ಕೈಗವಸು, ಮನೆಯಲ್ಲಿ ಯಾರ ಕಣ್ಣಿಗೂ ಒಪ್ಪದ ಕನ್ನಡಕ, ಮಕ್ಕಳೇ ಇಲ್ಲದ ಮನೆಯಲ್ಲಿ ಮಗುವಿನ ಸ್ವೆಟರು. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ನಂದಲ್ಲ, ನಂದಲ್ಲ, ನಂದೂ ಅಲ್ಲ. ಹಾಗಾದರೆ ಇದು ಒಳಗೆ ಬಂದದ್ದು ಹೇಗೆ? “ಆಗ ಎಲ್ಲರೂ ಒಂದ್ಸಲ ಬೆನ್ನ ಹಿಂದೆ ತಿರುಗಿ ನೋಡ್ತಾರೆ,” ಎಂದು ಗುಡ್ಡೆಯಕ್ಕ ನಗುತ್ತಾರೆ. “ಕಾಲೇಜು ಓದಿದೋರೂ ನೋಡ್ತಾರೆ, ಅವರಪ್ಪಂದಿರೂ ನೋಡ್ತಾರೆ.”

ನನ್ನ ಪತ್ರಿಕೆಯ ಪುರವಣಿಗೆ ಅಂಕಿ ಅಂಶ ಬೇಕು ಎಂಬ ಹುಕುಂ ನನ್ನ ಮೇಲಿದೆ. ಇದುವರೆಗೆ ಎಷ್ಟು ಮನೆ ಖಾಲಿ ಮಾಡಿದ್ದೀರಿ ಎಂದು ಕೇಳಿದರೆ ಗುಡ್ಡೆಯಕ್ಕ ಕೈ ಅಡ್ಡ ಆಡಿಸುತ್ತಾರೆ. “ಎಣಿಸಲ್ಲಪ್ಪ. ಎಣಿಸಿದ್ರೆ ಅವು ಬೆನ್ನು ಹತ್ತುತ್ವೆ.” ತಮಾಷೆಗೆ ಹೇಳಿದರೋ ನಿಜಕ್ಕೆ ಹೇಳಿದರೋ ತಿಳಿಯುವುದಿಲ್ಲ. ಅಂಕಿಯ ಆಸೆಯನ್ನು ನಾನು ಅಲ್ಲಿಗೇ ಬಿಡುತ್ತೇನೆ.

ಬೆಳಕು ಹರಿದ ಮೇಲೆ ಮನೆಯವರು ಒಬ್ಬೊಬ್ಬರಾಗಿ ಇಳಿದು ಬರುತ್ತಾರೆ. ಯಜಮಾನರು ಔಷಧ ಕಂಪನಿಯಲ್ಲಿದ್ದವರು, ಹೊರದೇಶದಲ್ಲಿ ಹೊಸ ಕೆಲಸ ಸಿಕ್ಕಿದೆ. ಯಜಮಾನಿ ಸಂಗೀತದ ಟೀಚರು, ಸಾಮಾನು ವಿಂಗಡಿಸುವುದರಲ್ಲೇ ಹೈರಾಣಾಗಿದ್ದಾರೆ. ಕಾಲೇಜು ಸೇರಬೇಕಾದ ಮಗಳಿಗೆ ಅಲ್ಲೇ ಸೀಟು ಸಿಕ್ಕಿದೆ. ನಾಲ್ಕನೆಯವರು ಯಜಮಾನರ ಅಕ್ಕ. ಮದುವೆಯಾಗದವರು, ತಮ್ಮನನ್ನು ಎತ್ತಿ ಆಡಿಸಿ ಓದಿಸಿದವರು. ನನ್ನ ಮುಂದೆ ಚಹಾ ಲೋಟ ಇಟ್ಟು ಹೋದದ್ದು ಅವರೇ ಎಂದು ನನಗೆ ಹೊಳೆಯುವಾಗ ಅವರು ಅಡುಗೆಮನೆ ಸೇರಿ ಆಗಿದೆ. ಹೆಜ್ಜೆಯ ಸದ್ದೂ ಕೇಳಿಸಿರಲಿಲ್ಲ.

ಗುಡ್ಡೆಯಕ್ಕ ಕಿಟಕಿಯ ಕೆಳಗಿನ ಶೀಟು ಸರಿಸುತ್ತಾರೆ. ಸವೆದ ಮನೆಚಪ್ಪಲಿ ಜೋಡಿ. ಮರದ ಬಾಚಣಿಗೆ. ಕಂದು ಶಾಲು. ಕೈಗನ್ನಡಿ. ಬಿಳಿ ಸಾಸರಿನ ಮೇಲೆ ಕಿವಿ ಮುರಿದ ಚಹಾ ಕಪ್ಪು. ತಲೆಗೆ ಸಿಕ್ಕಿಸಿಕೊಳ್ಳುವ ಲೋಹದ ಪಟ್ಟಿಯೊಂದಿದೆ, ಅದಕ್ಕೆ ಒಂದೇ ಕಿವಿಗೆ ಆಗುವಂಥ ಕಪ್ಪು ಬಟ್ಟಲು. ಏನೆಂದು ಯಾರಿಗೂ ಹೇಳಲು ಬರುವುದಿಲ್ಲ. ಇವತ್ತು ಹೊಸದಾಗಿ ಸೇರಿರುವುದು ಒಂದು ದಿಂಬು. ಅದರ ನಡುವೆ ತಲೆ ಇಟ್ಟ ಗುಳಿ ಇನ್ನೂ ಹಾಗೇ ಇದೆ.

“ಇದು ಯಾರದು?”

“ನಂದಲ್ಲ,” ಎನ್ನುತ್ತಾಳೆ ಮಗಳು, ದೂರದಿಂದಲೇ.

“ಶಾಲು ಎಲ್ಲೋ ನೋಡಿದ ಹಾಗಿದೆ,” ಎಂದು ಯಜಮಾನಿ ಹುಬ್ಬು ಗಂಟಿಕ್ಕುತ್ತಾರೆ. “ಆದ್ರೆ ನಂದಲ್ಲಪ್ಪ.”

ಯಜಮಾನರು ತಲೆ ಅಲ್ಲಾಡಿಸುತ್ತಾರೆ. ಅಡುಗೆಮನೆಯ ಬಾಗಿಲಿಂದ ಅಕ್ಕನ ದನಿಯೂ ಬರುತ್ತದೆ: “ನಂದೂ ಅಲ್ಲಮ್ಮ.”

ಬಿಡಿಬಿಡಿಯಾಗಿ ನೋಡಿದರೆ ಹಳೇ ಸಾಮಾನು, ಅಷ್ಟೆ. ಒಟ್ಟಿಗೆ ನೋಡಿದರೆ ಮೈ ಜುಮ್ಮೆನ್ನುತ್ತದೆ. ಕಾಲಿಗೆ ಚಪ್ಪಲಿ, ಹೆಗಲಿಗೆ ಶಾಲು, ಕೂದಲಿಗೆ ಬಾಚಣಿಗೆ, ತಲೆಗೆ ದಿಂಬು. ಈ ಮನೆಯಲ್ಲಿ ಇವರಿಗೆ ಗೊತ್ತಿಲ್ಲದ ಇನ್ನೊಬ್ಬರು ಸಂಸಾರ ಮಾಡಿಕೊಂಡಿರುವ ಹಾಗೆ. ಅವರೂ ಈಗ ಗಂಟುಮೂಟೆ ಕಟ್ಟುತ್ತಿರುವ ಹಾಗೆ. ಮಗಳು ನಾಲ್ಕು ದಿನದಿಂದ ಅಮ್ಮನ ಮಗ್ಗುಲಲ್ಲೇ ಮಲಗುತ್ತಿದ್ದಾಳೆ. ಕೆಳಗೆ ಯಾರೋ ಓಡಾಡುವುದು ಕೇಳಿಸುತ್ತದಂತೆ.

“ಇಲಿ ಇರಬೇಕು,” ಎನ್ನುತ್ತಾರೆ ಯಜಮಾನರು.

“ಇಲಿ ಚಪ್ಪಲಿ ಜೋಡಿ ಮಾಡಿ ಇಡುತ್ತಾ ಸಾರ್?” ಗುಡ್ಡೆಯಕ್ಕ ಕೇಳುತ್ತಾರೆ. ಯಜಮಾನರು ಚಹಾದ ಕಡೆ ಗಮನ ಕೊಡುತ್ತಾರೆ.

ಇಂಥ ಗುಡ್ಡೆಯನ್ನು ಗುಜರಿಯವನ ಗಾಡಿಗೆ ಎತ್ತಿ ಹಾಕಿ ಕೈತೊಳೆದುಕೊಳ್ಳಬಾರದೇಕೆ? ಮಧ್ಯಾಹ್ನ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಕೂತಾಗ ಕೇಳುತ್ತೇನೆ. ಅವರು ತುತ್ತು ಮುಗಿಸಿ ತಮ್ಮ ಕಥೆಯಿಂದಲೇ ಶುರು ಮಾಡುತ್ತಾರೆ.

ಅವರ ಗಂಡ ಸಾಗಣೆ ಲಾರಿಯಲ್ಲಿ ಹಮಾಲಿಯಾಗಿದ್ದವರು. ಬೀರು ಇಳಿಸುವಾಗ ಬೆನ್ನು ಮುರಿದುಕೊಂಡು ಮಲಗಿದರು, ಮತ್ತೆ ಏಳಲಿಲ್ಲ. ಗಾಜಿನ ಸಾಮಾನಿಗೆ ಕಾಗದ ಸುತ್ತುವ ಕೆಲಸಕ್ಕೆ ಅದೇ ಕಂಪನಿ ಇವರನ್ನು ಇಟ್ಟುಕೊಂಡಿತು. ಸುತ್ತುತ್ತಾ ಸುತ್ತುತ್ತಾ, ಸುತ್ತಬೇಕಾದ್ದು ಯಾವುದು ಎಂದು ಜನ ಇವರನ್ನೇ ಕೇಳತೊಡಗಿದರು. ಧೂಳು ಕುಡಿದು ಕುಡಿದು ಈಗ ಎದೆ ಗೊರಗುಟ್ಟುತ್ತದೆ. ಮಂಡಿ ಮಡಚಿದರೆ ಬಿಡಿಸಲು ಗೋಡೆ ಬೇಕು. ಕಳ್ಳಿ ಎನ್ನಿಸಿಕೊಂಡದ್ದೂ ಉಂಟು. ಕಳೆದ ಓಲೆ ಕೊನೆಗೆ ಓಲೆಯ ಒಡತಿಯ ಪರ್ಸಿನಲ್ಲೇ ಸಿಕ್ಕಿತು, ಕ್ಷಮೆ ಮಾತ್ರ ಸಿಗಲಿಲ್ಲ.

“ಅದನ್ನೆಲ್ಲ ಮರೆತಿದೀನಿ. ಮರೆಯೋಕಾಗದೇ ಇರೋದು ಒಂದೇ.” ಆಗ ಅವರು ಈ ಕೆಲಸಕ್ಕೆ ಹೊಸಬರು. ಒಂದು ದೊಡ್ಡ ಮನೆ. ನಾಲ್ಕನೇ ಗುಡ್ಡೆಯಲ್ಲಿ ಹಳೇ ರೇಡಿಯೋ, ಉಣ್ಣೆ ಟೋಪಿ, ಗಡ್ಡ ಹೆರೆಯುವ ಸಾಮಾನು. ಎಲ್ಲರನ್ನೂ ಕೇಳಿದರು, ಎಲ್ಲರೂ ನಮ್ಮದಲ್ಲ ಎಂದರು. ಗುಜರಿಗೆ ಹೋಯಿತು. ಸಂಜೆ ಒಬ್ಬ ಮನುಷ್ಯ ಪೇಟೆಯಿಂದ ತರಕಾರಿ ಚೀಲ ಹಿಡಿದು ಬಂದ. ಆ ಮನೆಯ ಅಡುಗೆಯವನು. ಯಾವ ಕಾಲದಿಂದಲೋ ಉಗ್ರಾಣದ ಪಕ್ಕದ ಕೋಣೆಯಲ್ಲಿದ್ದವನು. ಅವನು ಕೈಯಾರೆ ಬೇಯಿಸಿದ್ದನ್ನು ದಿನವೂ ಉಂಡವರಿಗೆ, ಆ ಟೋಪಿ ಅವನದು ಎಂದು ನೆನಪಾಗಲಿಲ್ಲ.

“ಬೈಯ್ಲಿಲ್ಲ, ಅಳಲಿಲ್ಲ. ಖಾಲಿ ಕೋಣೆ ಮಧ್ಯೆ ನಿಂತು ‘ಸರಿ’ ಅಂದ. ಅಷ್ಟೆ. ಆ ‘ಸರಿ’ ಇನ್ನೂ ಕಿವೀಲಿದೆ. ಅವತ್ತಿಂದ ನಾಲ್ಕನೇ ಗುಡ್ಡೆ ಕಾಯ್ತೀನಿ. ಲಾರಿ ಹೊರಡೋ ತನಕ ಕಾಯ್ತೀನಿ.”

ಹಾಗಾಗಿ ಈ ಮನೆಯಲ್ಲೂ ಕಾಯುತ್ತಿದ್ದಾರೆ. ಲಾರಿ ನಾಳೆ ಬೆಳಿಗ್ಗೆ ಬರುತ್ತದೆ, ಅದರೊಳಗಿನದೆಲ್ಲ ಹಡಗು ಹತ್ತುತ್ತದೆ. ಮನೆ ಕೊಂಡವರಿಗೆ ಬೀಗದ ಕೈ ಕೊಡಬೇಕು. ಯಾರದೋ ಬದುಕು ಹೀಗೆ ಶೀಟಿನಡಿ ಬಿದ್ದಿದೆ, ಅದು ಮತ್ತೆ ತಮ್ಮ ಕೈಯಿಂದಲೇ ಗುಜರಿ ಸೇರಬಾರದು ಎನ್ನುವುದೊಂದೇ ಅವರ ತಳಮಳ.

ಸಂಜೆಯ ಹೊತ್ತಿಗೆ ಅವರಿಗೊಂದು ಅನುಮಾನ ಗಟ್ಟಿಯಾಗುತ್ತದೆ. ಚಪ್ಪಲಿಯ ಎಡಗಾಲು ಒಂದೇ ಅಂಚಿನಲ್ಲಿ ಸವೆದಿದೆ. ಯಜಮಾನರ ಅಕ್ಕ ಎಡಗಾಲನ್ನು ಸ್ವಲ್ಪ ಓರೆ ಹಾಕುತ್ತಾರೆ. ಗುಡ್ಡೆಯಕ್ಕ ಯಜಮಾನಿಯನ್ನು ಹಿತ್ತಲಿಗೆ ಕರೆದು ನೇರವಾಗಿ ಕೇಳುತ್ತಾರೆ: “ಅಮ್ಮಾ, ದೊಡ್ಡವರನ್ನ ಇಲ್ಲೇ ಬಿಟ್ಟು ಹೋಗ್ತಿದೀರಾ?”

“ಅಯ್ಯೋ, ಏನು ಮಾತು ಅಂತ ಆಡ್ತೀರಿ! ಅತ್ತಿಗೆಯ ಟಿಕೆಟ್ಟು ನಮ್ಮ ಜೊತೆಗೇ ಇದೆ. ಕಿಟಕಿ ಪಕ್ಕದ ಸೀಟು ಬೇರೆ. ಅವರಿಲ್ಲದೆ ಇವರು ಒಂದು ಹೆಜ್ಜೆನಾದ್ರೂ ಕಿತ್ತಿಡ್ತಾರಾ?”

ಯಜಮಾನಿಯ ಮಾತಿನಲ್ಲಿ ಕಪಟವಿಲ್ಲ, ಅದು ನನಗೂ ಕಾಣುತ್ತದೆ. ಹಾಗಾದರೆ ಸಂಕೋಚ ಇರಬೇಕು ಎಂದು ಗುಡ್ಡೆಯಕ್ಕ ತೀರ್ಮಾನಿಸುತ್ತಾರೆ. ಪರರ ಮನೆಯಲ್ಲಿ ಬಾಳಿದವರು ತಮ್ಮದೊಂದು ಕಪ್ಪಿಗೆ ಪೆಟ್ಟಿಗೆಯಲ್ಲಿ ಜಾಗ ಕೇಳಲೂ ಹಿಂಜರಿಯುತ್ತಾರೆ, ಅಂಥವರನ್ನು ನೋಡಿದ್ದೇನೆ ಎನ್ನುತ್ತಾರೆ. ಯಾರಿಗೂ ಹೇಳದೆ, ನಾಲ್ಕನೇ ಗುಡ್ಡೆಯನ್ನು ಪೂರ್ತಿ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, ಟೇಪು ಸುತ್ತಿ, ಮೊದಲನೇ ಗುಡ್ಡೆಯ ಸಾಲಿಗೆ ಸೇರಿಸುತ್ತಾರೆ. ಅವರ ಕೆಲಸದಲ್ಲಿ ಇದು ತಪ್ಪು. ನಂದು ಎನ್ನದವರ ವಸ್ತುವನ್ನು ಹೊರಡುವ ಸಾಲಿಗೆ ಹಾಕಿದ್ದು ಇದೇ ಮೊದಲಂತೆ. “ನಾಳೆ ಬೈದ್ರೆ ಬೈಸ್ಕೋತೀನಿ. ಗುಜರಿಗಿಂತ ಹಡಗು ವಾಸಿ,” ಎನ್ನುತ್ತಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

ಮರುದಿನ ಮತ್ತೆ ಅದೇ ಹೊತ್ತು, ಅದೇ ಬಾಗಿಲು. ಗುಡ್ಡೆಯಕ್ಕ ತಟ್ಟುತ್ತಾರೆ, ನಿಲ್ಲುತ್ತಾರೆ, ತೆರೆಯುತ್ತಾರೆ. ನಿನ್ನೆಯಂತೆ ಕತ್ತಲಲ್ಲಿ ನೆಲದ ಮೇಲೆ ಕೂರುತ್ತೇವೆ. ಬರಿದಾದ ಮನೆಯಲ್ಲಿ ನಮ್ಮ ಉಸಿರೂ ಗೋಡೆಗೆ ಬಡಿದು ವಾಪಸು ಬರುತ್ತದೆ. ನೆಲದ ಮೇಲೆ ನಿನ್ನೆಯ ರಟ್ಟಿನ ಪೆಟ್ಟಿಗೆ ಬಾಯಿ ತೆರೆದುಕೊಂಡು ಬಿದ್ದಿದೆ. ಟೇಪನ್ನು ಹರಿದಿಲ್ಲ. ನಿಧಾನಕ್ಕೆ ಬಿಡಿಸಿ, ಉಂಡೆ ಕಟ್ಟಿ, ಪಕ್ಕದಲ್ಲಿ ಇಟ್ಟಿದೆ. ಪೆಟ್ಟಿಗೆ ಖಾಲಿ.

ಕಿಟಕಿಯ ಕೆಳಗೆ ಶೀಟಿನಡಿ ಗುಡ್ಡೆ ಇದೆ. ಕೂತ ಮನುಷ್ಯರ ಎತ್ತರಕ್ಕೆ ಬೆಳೆದಿದೆ.

ಎದ್ದು ಓಡಿಬಿಡಬೇಕು ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ಗುಡ್ಡೆಯಕ್ಕ ನನ್ನ ತೋಳನ್ನು ಬಿಗಿಯಾಗಿ ಹಿಡಿಯುತ್ತಾರೆ. ಕಿಟಕಿಯ ಬೆಳಕು ಇಷ್ಟಿಷ್ಟೇ ಶೀಟಿನ ಮೇಲೆ ಬೀಳುತ್ತಿದೆ. ಶೀಟು ಸ್ವಲ್ಪ ಮೇಲೇಳುತ್ತದೆ, ಇಳಿಯುತ್ತದೆ. ಮತ್ತೆ ಏಳುತ್ತದೆ, ಇಳಿಯುತ್ತದೆ. ಗುಡ್ಡೆ ಉಸಿರಾಡುತ್ತಿದೆ.

ಗುಡ್ಡೆಯಕ್ಕ ಗೋಡೆ ಹಿಡಿದು ಏಳುತ್ತಾರೆ. ಕಿರುಚುವುದಿಲ್ಲ, ಯಾರನ್ನೂ ಕೂಗುವುದಿಲ್ಲ. ಹತ್ತಿರ ಹೋಗಿ ಬಗ್ಗಿ, ಮಲಗಿದ ಮಗುವಿನ ಹೊದಿಕೆ ತೆಗೆಯುವಷ್ಟು ಮೆಲ್ಲಗೆ ಶೀಟಿನ ಅಂಚು ಎತ್ತುತ್ತಾರೆ.

ಯಜಮಾನರ ಅಕ್ಕ. ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಾರೆ. ಹೆಗಲ ಮೇಲೆ ಕಂದು ಶಾಲು, ಕಾಲಲ್ಲಿ ಆ ಚಪ್ಪಲಿ, ಬೆನ್ನಿಗೆ ಆ ದಿಂಬು. ಮಡಿಲಲ್ಲಿ ಆ ಲೋಹದ ಪಟ್ಟಿ, ಕಪ್ಪು ಬಟ್ಟಲು. ಯಾರದೂ ಅಲ್ಲ ಎಂದಿದ್ದ ಎಲ್ಲವೂ ಅವರ ಮೈಮೇಲೂ ಪಕ್ಕದಲ್ಲೂ ತಂತಮ್ಮ ಜಾಗದಲ್ಲಿ ಸರಿಯಾಗಿ ಕೂತಿವೆ.

ಕಣ್ಣು ಬಿಟ್ಟು ನಮ್ಮನ್ನು ನೋಡುತ್ತಾರೆ. ಗಾಬರಿಯಾಗುವುದಿಲ್ಲ. “ಟೇಪು ಬಿಡಿಸಿ ಬಿಡಿಸಿ ಸುಸ್ತಾಯ್ತಮ್ಮ. ಚಳಿ ಅಂತ ಶೀಟು ಎಳ್ಕೊಂಡೆ, ನಿದ್ದೆ ಹತ್ತಿಬಿಡ್ತು,” ಎನ್ನುತ್ತಾರೆ.

ಅಷ್ಟರಲ್ಲಿ ಯಜಮಾನರು, ಯಜಮಾನಿ, ಮಗಳು ಮೆಟ್ಟಿಲ ಮೇಲೆ ಬಂದು ನಿಂತಿದ್ದಾರೆ. ಗುಡ್ಡೆಯಕ್ಕ ಅವರ ಕಡೆ ತಿರುಗುವುದಿಲ್ಲ. ಕಷ್ಟಪಟ್ಟು ನೆಲಕ್ಕೆ ಕೂತು, ಕಪ್ಪು ಬಟ್ಟಲನ್ನು ಎತ್ತಿ ಹಿಡಿಯುತ್ತಾರೆ.

“ಇದು ಯಾರದು?”

ಅಕ್ಕ ಅದರ ಮೇಲೆ ಬೆರಳಾಡಿಸುತ್ತಾರೆ.

“ನಂದು,” ಎನ್ನುತ್ತಾರೆ ಅಕ್ಕ. “ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕಿವಿಗೆ ಹಾಕ್ಕೋತಿದ್ದೆ. ನಿವೃತ್ತಿ ದಿನ ಕೊಟ್ಟು ಕಳಿಸಿದ್ರು.”

“ಈ ಚಹಾ ಕಪ್ಪು?” “ನಂದು.” “ಕನ್ನಡಿ?” “ನಂದು. ಮೊದಲ ಸಂಬಳದ್ದು.” “ಬಾಚಣಿಗೆ?” “ನಂದು.” ಒಂದೊಂದು ಸಲವೂ ದನಿ ಸ್ವಲ್ಪ ಏರುತ್ತದೆ. ಜೀವಮಾನವೆಲ್ಲ ಬೇರೆಯವರ ಮಾತಿಗೆ ಮಾತು ಜೋಡಿಸಿದವರ ದನಿ ಅದು. ಖಾಲಿ ಗೋಡೆಗಳು ಅದನ್ನು ಎತ್ತಿ ಎತ್ತಿ ವಾಪಸು ಕೊಡುತ್ತವೆ.

“ಅಕ್ಕಾ,” ಯಜಮಾನರು ಮೆಟ್ಟಿಲಿಳಿದು ಹತ್ತಿರ ಬರುತ್ತಾರೆ. “ನಿಂದು ಅಂತ ಹೇಳಿದ್ರೆ ಪ್ಯಾಕ್ ಮಾಡ್ತಿರಲಿಲ್ವಾ?”

“ಅದಕ್ಕೇ ಕಣೋ ಹೇಳ್ಲಿಲ್ಲ. ನನ್ನ ರೂಮಲ್ಲಿ ಬಿಟ್ಟಿದ್ರೆ ಈ ಹುಡುಗಿ ಪ್ರೀತಿಯಿಂದ ಪೆಟ್ಟಿಗೆಗೆ ತುಂಬಿಬಿಡ್ತಿದ್ಲು. ಸಾಮಾನು ಹೋದ ಮೇಲೆ ನಾನು ಇಲ್ಲಿದ್ದೇನು ಮಾಡ್ಲಿ? ನಾನು ಬರಲ್ಲ. ಜೊತೇಲಿ ಕೆಲಸ ಮಾಡ್ತಿದ್ದ ಗೆಳತಿ ಒಬ್ಬಳೇ ಇದಾಳೆ, ಅವಳ ಮನೆ ಮೇಲಿನ ಕೋಣೆ ನೋಡಿದೀನಿ. ಕಿಟಕಿ ಇದೆ. ಬಾಗಿಲಿಗೆ ನನ್ನದೇ ಬೀಗ.”

“ಹಾಗಾದ್ರೆ ನಾವೂ ಹೋಗಲ್ಲ,” ಎನ್ನುತ್ತಾರೆ ತಮ್ಮ, ಒಂದೇ ಏಟಿಗೆ.

“ನೋಡಿ, ಇದಕ್ಕೆ,” ಎಂದು ಅಕ್ಕ ಗುಡ್ಡೆಯಕ್ಕನ ಕಡೆ ತಿರುಗುತ್ತಾರೆ. “ಇದಕ್ಕೇ ಬಾಯಿ ಬಿಡ್ಲಿಲ್ಲ. ಲಾರಿ ಹೊರಟ ಮೇಲೆ ಹೇಳೋಣ, ಆಗ ಇವನಿಗೆ ವಾಪಸು ತಿರುಗೋಕಾಗಲ್ಲ ಅಂತಿದ್ದೆ. ಅಲ್ಲಿ ತನಕ ನನ್ನ ಸಾಮಾನು ಎಲ್ಲಿಡ್ಲಿ? ನಾಲ್ಕನೇ ಗುಡ್ಡೆ ಮಾತ್ರ ನೀವು ಕಾಯ್ತೀರಿ ಅಂತ ನೋಡ್ಕೊಂಡೆ. ಕೊನೇ ಗಳಿಗೇಲಿ ನೀವೇ ಕೈಕೊಟ್ರಲ್ಲಮ್ಮ!”

ಗುಡ್ಡೆಯಕ್ಕ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾರೆ. ಆಮೇಲೆ ಇಬ್ಬರೂ ನಗಲು ಶುರು ಮಾಡುತ್ತಾರೆ. ಮಗಳು ಅಳುತ್ತಾ ಅತ್ತೆಯ ಶಾಲಿನೊಳಗೆ ಮುಖ ಹುದುಗಿಸುತ್ತಾಳೆ. ಅತ್ತೆ ಅವಳ ಕಿವಿಯಲ್ಲಿ ಏನೋ ಹೇಳಿ, ತಮ್ಮನಿಗೆ ಮಾತ್ರ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾರೆ: “ನಿನ್ನ ಸಾಕಿದ್ದು ನಾನು. ಒಂದ್ಸಲ ನನ್ನ ಮಾತು ಕೇಳು. ಹೋಗಿ ಬಾ.” ಹೊರಗೆ ಲಾರಿ ಹಾರ್ನ್ ಹಾಕುತ್ತದೆ. ತಮ್ಮ ಕೊನೆಗೆ ಹೋಗಿ ಗೇಟು ತೆರೆಯುತ್ತಾರೆ.

ಮೊದಲನೇ ಗುಡ್ಡೆ ಲಾರಿ ಏರುತ್ತದೆ. ನಾಲ್ಕನೆಯದನ್ನು ಗುಡ್ಡೆಯಕ್ಕ ತಾವೇ ಕಟ್ಟುತ್ತಾರೆ, ಯಾರಿಗೂ ಮುಟ್ಟಲು ಬಿಡುವುದಿಲ್ಲ. ಕಟ್ಟುವಾಗ ಶೀಟಿನ ಮಡಿಕೆಯಿಂದ ಒಂದು ಕನ್ನಡಕ ಉರುಳುತ್ತದೆ. ದಪ್ಪ ಗಾಜು, ಒಂದು ಕಡ್ಡಿಗೆ ದಾರ ಸುತ್ತಿದೆ. ಗಾಜಿನ ಮೇಲೆ ಧೂಳಿಲ್ಲ, ಬೆರಳಿನ ಗುರುತಿದೆ.

“ಇದೂ ನಿಮ್ಮದೇ ತಾನೆ?”

ಅಕ್ಕ ಹಾಕಿಕೊಂಡು ನೋಡಿ, ತೆಗೆದು ವಾಪಸು ಕೊಡುತ್ತಾರೆ. “ಇದು ನಂದಲ್ಲ. ನಿಜವಾಗ್ಲೂ ನಂದಲ್ಲ.”

ಯಾರದೂ ಅಲ್ಲ. ಎಲ್ಲರೂ ಒಮ್ಮೆ ಬೆನ್ನ ಹಿಂದೆ ತಿರುಗಿ ನೋಡುತ್ತಾರೆ. ನಾನೂ ನೋಡುತ್ತೇನೆ. ಗುಡ್ಡೆಯಕ್ಕ ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಇಳಿಸುತ್ತಾರೆ.

ಅದು ಹೋಗಿ ಸೇರಿದ್ದು ಎಲ್ಲಿಗೆ ಎಂದು ನೋಡಲು ಒಂದು ಬೆಳಗಿನ ಜಾವ ಅವರ ಮನೆಗೇ ಹೋಗುತ್ತೇನೆ. ಒಂದು ಕೋಣೆ, ಒಂದು ಒಲೆ. ಗೋಡೆಯುದ್ದಕ್ಕೂ ಹಲಗೆ ಹೊಡೆದು ಸಾಲಾಗಿ ಜೋಡಿಸಿದ್ದಾರೆ: ಕೈಗವಸು, ಬೀಗದ ಕೈಗಳು, ಮಗುವಿನ ಸ್ವೆಟರು, ಊರುಗೋಲು, ಕೊನೆಯಲ್ಲಿ ದಾರ ಸುತ್ತಿದ ಕನ್ನಡಕ. ಕೊನೆಯವರೆಗೂ ಯಾರೂ ನಂದು ಎನ್ನದವು ಮಾತ್ರ ಇಲ್ಲಿಗೆ ಬರುತ್ತವೆ. ಒಂದರ ಮೇಲೂ ಧೂಳಿನ ಕಣವಿಲ್ಲ. ಅಷ್ಟು ಜನ ಎದುರಿಗೆ ಕೂತು ನನ್ನನ್ನೇ ನೋಡುತ್ತಿರುವ ಹಾಗೆ ಅನ್ನಿಸಿ ನಾನು ಬಾಗಿಲ ಹತ್ತಿರವೇ ನಿಲ್ಲುತ್ತೇನೆ.

ಎಕ್ಸ್‌ಚೇಂಜಿನ ಅಕ್ಕನ ಹೊಸ ಕೋಣೆಗೆ ಸಾಮಾನು ಜೋಡಿಸಿಕೊಟ್ಟು ಬಂದದ್ದನ್ನು ಗುಡ್ಡೆಯಕ್ಕ ಎರಡೆರಡು ಸಲ ಹೇಳುತ್ತಾರೆ. “ಮನೆ ಖಾಲಿ ಮಾಡಿ ಮಾಡಿ ಕೈ ಸವೀತು. ತುಂಬಿಸಿದ್ದು ಇದೊಂದೇ. ಕನ್ನಡಿ ಎಲ್ಲಿ ತೂಗುಹಾಕ್ಬೇಕು ಅಂತ ನನ್ನನ್ನೇ ಕೇಳಿದ್ರು.” ಮುಖ ಅರಳಿದೆ. ಇನ್ನೇನು ಆಸೆ ಇದೆ ಎಂದು ಕೇಳುತ್ತೇನೆ. ಹಲಗೆಯ ಕಡೆ ನೋಡುತ್ತಾ ಹೇಳುತ್ತಾರೆ: “ನಾನು ಹೋದ ಮೇಲೆ ಈ ಕೋಣೆ ಖಾಲಿ ಮಾಡೋಕೆ ಯಾರೋ ಬರ್ತಾರಲ್ಲ, ಅವರು ಒಂದೊಂದನ್ನೂ ಎತ್ತಿ, ಯಾರದು ಅಂತ ಒಂದ್ಸಲ ಕೇಳ್ಲಿ. ಅಷ್ಟೇ ಸಾಕು.”

ಕೆಲಸಕ್ಕೆ ಹೊರಡುವ ಹೊತ್ತಾಗುತ್ತದೆ. ಬಾಗಿಲಲ್ಲಿ ನಿಂತು, ದಿನದ ರೂಢಿಯಂತೆ, ಹಲಗೆಯ ಕಡೆ ತಿರುಗಿ ಅವರು ಕೇಳುತ್ತಾರೆ: “ಯಾರದಪ್ಪ ಇದೆಲ್ಲ?” ಕೇಳಿ, ತಲೆ ವಾಲಿಸಿ, ನಿಜವಾಗಿ ಕಿವಿಗೊಡುತ್ತಾರೆ. ನನಗೆ ಗೊತ್ತಿಲ್ಲದೆಯೇ ನಾನೂ ಉಸಿರು ಬಿಗಿಹಿಡಿದಿದ್ದೇನೆ.

“ಯಾವತ್ತಾದ್ರೂ ಉತ್ತರ ಬಂದ್ರೆ?” ಎಂದು ಕೇಳುತ್ತೇನೆ, ಹೊರಗೆ ಬಂದು ಬೀಗ ಬಿದ್ದ ಮೇಲೆ.

“ಬಂದ್ರೆ ಕೊಟ್ಟುಬಿಡ್ತೀನಿ,” ಎನ್ನುತ್ತಾರೆ ಗುಡ್ಡೆಯಕ್ಕ. “ಅದಕ್ಕೇ ತಾನೆ ದಿನಾ ಒರೆಸಿ ಇಡೋದು.”